ಒಂದು ಪಿನ್ನೋ, ಐದು ಪಿನ್ನೋ?

ಪ್ರಶ್ನೆ: ನಾನು ವಿರಾಜಪೇಟೆ ಕಡೆಯವನು, ಈಗ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿದ್ದೇನೆ. ಊರಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿ ಹಿಡಿದು ತೆಂಗಿನಕಾಯಿಗೆ ಗುರಿಯಿಟ್ಟ ಅಭ್ಯಾಸವಿದೆ, ಬಿಲ್ಲು ಮಾತ್ರ ಹೊಸದು. ಈ ವರ್ಷ ಬೇಟೆಗಾರರ ಸುರಕ್ಷತಾ ತರಗತಿ ಮುಗಿಸಿ, 60 ಪೌಂಡ್ ಎಳೆತದ, ತುದಿಗಳಲ್ಲಿ ರಾಟೆಗಳಿರುವ ಕಾಂಪೌಂಡ್ ಬಿಲ್ಲೊಂದನ್ನು ಕೊಂಡಿದ್ದೇನೆ. ಗುರಿ ಹಿಡಿಯಲು ಬಿಲ್ಲಿಗೆ ಕೂರಿಸುವ ಬಳೆಯಂಥ ಸಾಧನವೇ ಸೈಟ್, ಅದರೊಳಗಿನ ಹೊಳೆಯುವ ತುದಿಯ ಕಡ್ಡಿ ಪಿನ್. ಅಂಗಡಿಯವರು ಐದು ಪಿನ್ನಿನ ಸೈಟ್ ಹಾಕಿಸಿ ಎನ್ನುತ್ತಾರೆ. ಕಚೇರಿಯ ಗೆಳೆಯ, ಚಕ್ರ ತಿರುಗಿಸಿ ಮೇಲೆ ಕೆಳಗೆ ಸರಿಸುವ ಒಂದೇ ಪಿನ್ನಿನ ಸೈಟ್ ಸಾಕು ಎನ್ನುತ್ತಾನೆ. ಮರದ ಮೇಲಿನ ಅಟ್ಟಣೆಯಲ್ಲಿ ಕೂತು ಬಿಳಿಬಾಲದ ಜಿಂಕೆಯನ್ನು ಬೇಟೆಯಾಡುವವನಿಗೆ ಯಾವುದು ಸರಿ?

ಉತ್ತರ: ಒಂದೇ ಪಿನ್ನಿನದನ್ನು ಹಾಕಿಸಿಕೊಳ್ಳಿ. ಪಿನ್ನನ್ನು 25 ಗಜಕ್ಕೆ ಕೂರಿಸಿ, ಚಕ್ರವನ್ನು ಬಿಗಿ ಮಾಡಿ. ಜಿಂಕೆ ಎದುರಿಗಿರುವಾಗ ಆ ಚಕ್ರದ ತಂಟೆಗೆ ಹೋಗಬೇಡಿ. 30 ಗಜಕ್ಕಿಂತ ದೂರದ ಜಿಂಕೆಗೆ ಬಾಣ ಬಿಡಬೇಡಿ. ನಿಮ್ಮ ಗೆಳೆಯ ಹೇಳಿದ್ದೂ ಇದೇ ಸೈಟ್, ಆದರೆ ಅದನ್ನು ಬಳಸುವ ಬಗೆಯಲ್ಲಿ ಅವರಿಗೂ ನನಗೂ ವ್ಯತ್ಯಾಸವಿರಬಹುದು. ಆದ್ದರಿಂದ ಕಾರಣಗಳನ್ನು ವಿವರವಾಗಿ ಹೇಳುತ್ತೇನೆ.

ಕೋವಿ ಹಿಡಿದವರಿಗೆ ಮೊದಲು ಮನದಟ್ಟಾಗಬೇಕಾದದ್ದು ಬಾಣ ಎಷ್ಟು ನಿಧಾನ ಎಂಬುದು. ನಿಮ್ಮಂಥ ಬಿಲ್ಲಿನಿಂದ ಬಾಣ ಸೆಕೆಂಡಿಗೆ ಸುಮಾರು 280 ಅಡಿ ವೇಗದಲ್ಲಿ ಹೊರಡುತ್ತದೆ ಎಂದುಕೊಳ್ಳೋಣ. 20 ಗಜ ಹೋಗುವಷ್ಟರಲ್ಲಿ ಅದು ತಾನು ಹೊರಟ ನೇರದಿಂದ ಸುಮಾರು 9 ಅಂಗುಲ ಕೆಳಗಿಳಿದಿರುತ್ತದೆ, 30 ಗಜಕ್ಕೆ ಸುಮಾರು 20 ಅಂಗುಲ, 40 ಗಜಕ್ಕೆ ಹತ್ತಿರಹತ್ತಿರ 3 ಅಡಿ. ಈ ಇಳಿತವನ್ನು ಸರಿದೂಗಿಸಲೆಂದೇ ಸೈಟಿನಲ್ಲಿ ಹಲವು ಪಿನ್ನುಗಳು ಬಂದದ್ದು. ಸಾಮಾನ್ಯವಾಗಿ ಮೇಲಿನ ಪಿನ್ 20 ಗಜಕ್ಕೆ, ಅದರ ಕೆಳಗಿನವು 30, 40, 50, 60 ಗಜಕ್ಕೆ. ಒಂದೇ ಪಿನ್ನಿನ ಸೈಟಿನಲ್ಲಾದರೆ ದೂರ ಅಳೆದು, ಚಕ್ರ ತಿರುಗಿಸಿ, ಪಿನ್ನನ್ನು ಆ ದೂರದ ಗುರುತಿಗೆ ತರಬೇಕು.

ಎರಡರಲ್ಲೂ ತೊಡಕಿದೆ. ಐದು ಪಿನ್ನಿದ್ದರೆ ಸರಿಯಾದುದನ್ನು ಆರಿಸಬೇಕು. ಒಂದೇ ಪಿನ್ನಾದರೆ ಕೈ ಆಡಿಸಬೇಕು, ಅಷ್ಟರಲ್ಲಿ ಜಿಂಕೆ ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತದೆ. ಆದರೆ ಪಿನ್ನನ್ನು 25 ಗಜಕ್ಕೆ ಕೂರಿಸಿ ಬಿಟ್ಟರೆ ಏನಾಗುತ್ತದೆಂದು ಲೆಕ್ಕ ಹಾಕಿ ನೋಡಿ. ಅದೇ ವೇಗದ ಬಾಣ 15 ಮತ್ತು 20 ಗಜದಲ್ಲಿ ಗುರಿಯಿಂದ ಒಂದೂವರೆ ಅಂಗುಲದಷ್ಟು ಮೇಲೆ ನಾಟುತ್ತದೆ, 30 ಗಜದಲ್ಲಿ ಎರಡೂವರೆ ಅಂಗುಲದಷ್ಟು ಕೆಳಗೆ. ಜಿಂಕೆಯ ಹೃದಯ ಮತ್ತು ಶ್ವಾಸಕೋಶವಿರುವ ಭಾಗ ಸುಮಾರು 8 ಅಂಗುಲ ಅಗಲದ ವೃತ್ತ. ಅದರ ನಡುವಿಗೆ ಪಿನ್ ಇಟ್ಟರೆ, 30 ಗಜದೊಳಗೆ ನೀವು ಏನನ್ನೂ ಆರಿಸಬೇಕಿಲ್ಲ, ಏನನ್ನೂ ತಿರುಗಿಸಬೇಕಿಲ್ಲ. 35 ಗಜಕ್ಕೆ ಹೋದರೆ ಬಾಣ 6 ಅಂಗುಲ ಕೆಳಗೆ ಬೀಳುತ್ತದೆ, ಅಲ್ಲಿಗೆ ಈ ಏರ್ಪಾಡಿನ ಮಿತಿ ಮುಗಿಯಿತು. ವಿಸ್ಕಾನ್ಸಿನ್‌ನ ಕಾಡಿನಲ್ಲಿ ಅಟ್ಟಣೆಯಿಂದ ಸಿಗುವ ಅವಕಾಶಗಳಲ್ಲಿ ಬಹುಪಾಲು ಈ ಮಿತಿಯ ಒಳಗೇ ಇರುತ್ತವೆ, ಅಟ್ಟಣೆ ಕಟ್ಟುವ ಜಾಗವನ್ನು ನಾವು ಆರಿಸುವುದೂ ಹಾಗೆಯೇ.

ನಾನು ಕೂರುವ ಅಟ್ಟಣೆ ಮೆಕ್ಕೆಜೋಳದ ಹೊಲಕ್ಕೆ ತಾಗಿದ ಓಕ್ ಮರಗಳ ನಡುವೆ ಇದೆ. ಅಲ್ಲಿ ಜಿಂಕೆ ಬರುವುದು ಮುಸ್ಸಂಜೆಯ ಕೊನೆಯ ನಿಮಿಷಗಳಲ್ಲಿ. ಅಕ್ಟೋಬರ್ ಕೊನೆಯ ಹೊತ್ತಿಗೆ ಒಣಗಿದ ಎಲೆಯ ಸದ್ದು ಮೊದಲು ಕೇಳುತ್ತದೆ, ಎಷ್ಟೋ ಹೊತ್ತಿನ ಮೇಲೆ ಕಿವಿಯೊಂದು ಅಲುಗಿದ್ದು ಕಾಣುತ್ತದೆ. ಹೆದೆಯನ್ನು ಕೆನ್ನೆಯವರೆಗೆ ಎಳೆದು, ಹೆದೆಯಲ್ಲಿ ಕೂರಿಸಿದ ಪೀಪ್ ಎಂಬ ಪುಟ್ಟ ತೂತಿನಿಂದ ನೋಡಿದಾಗ, ಬರಿಗಣ್ಣಿಗೆ ಸ್ಪಷ್ಟವಿದ್ದ ಜಿಂಕೆ ಒಮ್ಮೆಲೇ ಕಂದುಬಣ್ಣದ ನೆರಳಾಗಿಬಿಡುತ್ತದೆ. ಸೈಟಿನ ಬಳೆಯೊಳಗೆ ಐದು ಪಿನ್ನುಗಳ ಹಸಿರು, ಕೆಂಪು, ಹಳದಿ ಚುಕ್ಕಿಗಳು ಒಂದರ ಕೆಳಗೊಂದು ಮಿನುಗುತ್ತಿದ್ದರೆ, ಕೆಳಗಿನ ಮೂರು ಜಿಂಕೆಯ ಮೈಯನ್ನೇ ಮರೆಮಾಡುತ್ತವೆ. ಎದೆ ಹೊಡೆದುಕೊಳ್ಳುತ್ತಿರುವಾಗ ಮೇಲಿನಿಂದ ಎರಡನೆಯದೋ ಮೂರನೆಯದೋ ಎಂಬ ಗೊಂದಲ ಅನುಭವಸ್ಥರಿಗೂ ತಪ್ಪಿದ್ದಲ್ಲ. 20 ಗಜದಲ್ಲಿರುವ ಜಿಂಕೆಗೆ 40 ಗಜದ ಪಿನ್ ಇಟ್ಟರೆ ಬಾಣ ಬೆನ್ನಿನ ಮೇಲೆ ಹಾರಿಹೋಗುತ್ತದೆ, ಇಲ್ಲವೇ ಬೆನ್ನುಹುರಿಯ ಹತ್ತಿರ ನಾಟಿ ಪ್ರಾಣಿ ನರಳುತ್ತದೆ. ಒಂದೇ ಹಸಿರು ಚುಕ್ಕಿ ಇದ್ದವರಿಗೆ ಈ ಗೊಂದಲವೇ ಇಲ್ಲ.

ಹೆಚ್ಚು ಪಿನ್ನುಗಳ ಬಗ್ಗೆ ನನಗಿರುವ ದೊಡ್ಡ ತಕರಾರು ಮಾತ್ರ ಬೇರೆ. 50 ಗಜದ ಪಿನ್ ಕಣ್ಣೆದುರು ಇದ್ದರೆ 50 ಗಜಕ್ಕೆ ಹೊಡೆಯುವ ಆಸೆ ಹುಟ್ಟುತ್ತದೆ. ಗುರಿಹಲಗೆಗೆ 50 ಗಜದಿಂದ ಅಚ್ಚುಕಟ್ಟಾಗಿ ಹೊಡೆಯುವವರು ಬೇಕಾದಷ್ಟು ಜನ ಇದ್ದಾರೆ, ಹಲಗೆ ಅಲುಗುವುದಿಲ್ಲ. ಜಿಂಕೆ ಅಲುಗುತ್ತದೆ. ಹೆದೆ ಬಿಟ್ಟ ಸದ್ದು ಸೆಕೆಂಡಿಗೆ ಸುಮಾರು 1100 ಅಡಿ ಓಡುತ್ತದೆ. 30 ಗಜ ದೂರದ ಜಿಂಕೆಯ ಕಿವಿಗೆ ಅದು ಮುಟ್ಟಿದ ಮೇಲೂ ಬಾಣ ಬರಲು ಕಾಲು ಸೆಕೆಂಡು ಬಾಕಿ ಇರುತ್ತದೆ. ಬೆದರಿದ ಬಿಳಿಬಾಲದ ಜಿಂಕೆ ಓಟ ಕೀಳುವ ಮೊದಲು ಕಾಲು ಮಡಚಿ ಕುಗ್ಗುತ್ತದೆ. ದೂರ ಹೆಚ್ಚಿದಷ್ಟೂ ಕುಗ್ಗಲು ಅದಕ್ಕೆ ಹೆಚ್ಚು ಹೊತ್ತು ಸಿಗುತ್ತದೆ, ಆಗ ನಿಮ್ಮ ಪಿನ್ ಎಷ್ಟು ಕರಾರುವಾಕ್ಕಾಗಿದ್ದರೂ ಬಾಣ ನಾಟುವುದು ಬೇರೆ ಕಡೆ. ತಲೆಯೆತ್ತಿ, ಕಿವಿ ನಿಮಿರಿಸಿ ನಿಮ್ಮತ್ತಲೇ ನೋಡುತ್ತಿರುವ ಜಿಂಕೆಗೆ 25 ಗಜದಲ್ಲೂ ಬಾಣ ಬಿಡಬೇಡಿ. ಗಾಯಗೊಂಡು ಕೈತಪ್ಪಿದ ಜಿಂಕೆಯನ್ನು ಲಾಟೀನಿನ ಬೆಳಕಿನಲ್ಲಿ ರಕ್ತದ ಹನಿ ಹುಡುಕುತ್ತಾ ಅಲೆಯುವುದಕ್ಕಿಂತ ಬರಿಗೈಯಲ್ಲಿ ಮನೆಗೆ ಹೋಗುವುದು ಸಾವಿರ ಪಾಲು ಮೇಲು.

ಹಾಗೆಂದು ಬಹುಪಿನ್ನಿನ ಸೈಟ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಮುಂದೆಂದಾದರೂ ಕೊಲೊರಾಡೋಗೆ ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಯ ಬೇಟೆಗೆ ಹೋಗುವಿರಾದರೆ ಅದನ್ನೇ ಹಾಕಿಸಿ. ಅಲ್ಲಿ ಬೆಟ್ಟಗಳ ನಡುವೆ ತೆರೆದ ಬಯಲೂ ಸಿಗುತ್ತದೆ, ಪ್ರಾಣಿ ದೊಡ್ಡದು, ಅದು ನಿಲ್ಲದೆ ನಡೆಯುತ್ತಿರುತ್ತದೆ. ದೂರ ಕ್ಷಣಕ್ಷಣಕ್ಕೂ ಬದಲಾಗುವಾಗ ಚಕ್ರ ತಿರುಗಿಸುತ್ತಾ ಕೂತರೆ ಆಗುವುದಿಲ್ಲ. ಮೂರು ಪಿನ್ ಇದ್ದು ಇಡೀ ಬಳೆಯೇ ಚಕ್ರದಿಂದ ಸರಿಯುವ ಸೈಟುಗಳೂ ಇವೆ, ಎರಡೂ ಬಗೆಯ ಬೇಟೆ ಮಾಡುವವರಿಗೆ ಅವು ಹೊಂದುತ್ತವೆ.

ಕೊಳ್ಳುವಾಗ ಪಿನ್ನಿನ ದಪ್ಪ ಕೇಳಿ. 0.010 ಅಂಗುಲದ್ದು ಹಗಲಿನಲ್ಲಿ ಚೊಕ್ಕ, ಮುಸ್ಸಂಜೆಗೆ ಮಂಕು. 0.029 ಅಂಗುಲದ್ದು ಬೆಳಗುತ್ತದೆ, ಆದರೆ ಗುರಿಯನ್ನು ಮುಚ್ಚುತ್ತದೆ. ಕಾಡಿನ ಬೇಟೆಗೆ 0.019 ಅಂಗುಲದ್ದು ಸರಿ. ಬಳೆಯ ಬುಡದಲ್ಲಿ ರಸಮಟ್ಟ ಇರಲೇಬೇಕು, ಅಟ್ಟಣೆಯ ಮೇಲೆ ವಾಲಿ ಹೊಡೆಯುವಾಗ ಬಿಲ್ಲು ಓರೆಯಾಗಿದ್ದು ನಮಗೇ ಗೊತ್ತಾಗುವುದಿಲ್ಲ. ಪಿನ್ನಿಗೆ ಬ್ಯಾಟರಿ ದೀಪ ಹಾಕಿಸುವ ಮೊದಲು, ಬೇಟೆಯಾಡುವ ರಾಜ್ಯದ ಆ ವರ್ಷದ ನಿಯಮ ಪುಸ್ತಕ ಓದಿ. ಪಶ್ಚಿಮದ ಕೆಲವು ರಾಜ್ಯಗಳಲ್ಲಿ ಬಿಲ್ಲಿಗೆ ವಿದ್ಯುತ್ ಉಪಕರಣ ಅಂಟಿಸುವುದಕ್ಕೆ ನಿರ್ಬಂಧವಿದೆ.

ಸೈಟ್ ಹೊಂದಿಸುವಾಗ ಇನ್ನೊಂದು ಸಂಗತಿ ನೆನಪಿಡಿ. ರೈಫಲ್ಲಿನ ಹಿಂದಿನ ಸೈಟನ್ನು ಗುಂಡು ಎತ್ತ ಹೋಗಬೇಕೋ ಅತ್ತ ಸರಿಸುತ್ತೇವೆ. ಬಿಲ್ಲಿನಲ್ಲಿ ಹಾಗಲ್ಲ, ತಪ್ಪಿದ ಬಾಣ ಎತ್ತ ಹೋಯಿತೋ ಪಿನ್ನನ್ನು ಅತ್ತಲೇ ಸರಿಸಬೇಕು. ಬಾಣ ಎಡಕ್ಕೆ ಹೋದರೆ ಪಿನ್ ಎಡಕ್ಕೆ, ಕೆಳಗೆ ಹೋದರೆ ಪಿನ್ ಕೆಳಕ್ಕೆ. 25 ಗಜಕ್ಕೆ ಹೊಂದಿದ ಮೇಲೆ 10, 15, 20, 30 ಗಜಗಳಿಂದ ಹೊಡೆದು, ನಿಮ್ಮ ಬಾಣ ಎಲ್ಲೆಲ್ಲಿ ಬೀಳುತ್ತದೆಂದು ನೋಡಿಕೊಳ್ಳಿ. ಮೇಲಿನ ಅಂಕಿಗಳು 280 ಅಡಿ ವೇಗದ ಲೆಕ್ಕ, ಭಾರದ ಬಾಣವಾದರೆ ಇಳಿತ ಹೆಚ್ಚು, ಮಿತಿಯೂ ಅಷ್ಟು ಹತ್ತಿರ. ಎತ್ತರದ ಬಗ್ಗೆ ಬಹಳ ತಲೆ ಕೆಡಿಸಿಕೊಳ್ಳಬೇಡಿ. 20 ಅಡಿ ಎತ್ತರದಿಂದ 20 ಗಜ ಆಚೆಗಿನ ಜಿಂಕೆಗೆ ಓರೆಯಾಗಿ ಅಳೆದರೂ 21 ಗಜವಷ್ಟೇ ಆಗುತ್ತದೆ. ತೋಳು ತಗ್ಗಿಸದೆ ಸೊಂಟ ಬಾಗಿಸಿ ಹೊಡೆಯುವುದನ್ನು ಮಾತ್ರ, ಚಳಿಯ ಜಾಕೆಟ್ಟು ಮತ್ತು ಸುರಕ್ಷತಾ ಪಟ್ಟಿ ಧರಿಸಿಯೇ ಅಭ್ಯಾಸ ಮಾಡಿ.

ಭಾರತದಲ್ಲಿರುವ ಓದುಗರಿಗೆ ಒಂದು ಮಾತು. ಇದೆಲ್ಲ ಪರವಾನಗಿ ಪಡೆದು ಅಮೆರಿಕದಲ್ಲಿ ಬೇಟೆಯಾಡುವವರಿಗೆ ಹೇಳಿದ್ದು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಜಿಂಕೆ, ಕಡವೆಗಳ ಬೇಟೆ ಅಪರಾಧ, ಬಿಲ್ಲಿನಿಂದಾದರೂ ಕೋವಿಯಿಂದಾದರೂ.

ಪ್ರಶ್ನೆ: ಮೈಸೂರಿನಲ್ಲಿ ಪದವಿ ಓದುತ್ತಿರುವ ನನಗೆ ಕಾಂಪೌಂಡ್ ಬಿಲ್ಲುಗಾರಿಕೆಯ ಸ್ಪರ್ಧೆಗೆ ಇಳಿಯುವ ಆಸೆ. ಬಂಧುವೊಬ್ಬರು ಅಮೆರಿಕದಿಂದ ಐದು ಪಿನ್ನಿನ ಬೇಟೆಯ ಸೈಟ್ ತಂದುಕೊಟ್ಟಿದ್ದಾರೆ. ಅದು ನಡೆಯುತ್ತದೆಯೇ?

ಉತ್ತರ: ಕಲಿಯಲು ನಡೆಯುತ್ತದೆ, ಆದರೆ ಬೇಗ ಬದಲಾಯಿಸಬೇಕಾಗುತ್ತದೆ. ಹೊರಾಂಗಣದ ಅಂತರರಾಷ್ಟ್ರೀಯ ಕಾಂಪೌಂಡ್ ಸ್ಪರ್ಧೆಗಳಲ್ಲಿ ದೂರ ಗೊತ್ತಿರುವುದೇ, 50 ಮೀಟರ್. ಅಲ್ಲಿ ಹಲವು ಪಿನ್ನುಗಳಿಂದ ಪ್ರಯೋಜನವಿಲ್ಲ. ಹಿಗ್ಗಿಸಿ ತೋರಿಸುವ ಮಸೂರದ ನಡುವೆ ಒಂದೇ ಚುಕ್ಕಿ ಇರುವ, ಕೂದಲೆಳೆಯಷ್ಟು ಸರಿಸಬಹುದಾದ ಸೈಟ್ ಬೇಕು. ಅದು ದುಬಾರಿ. ಮೊದಲು ತರಬೇತುದಾರರೊಬ್ಬರನ್ನು ಹುಡುಕಿಕೊಂಡು, ಎಳೆತದ ತೂಕ ಮತ್ತು ಬಾಣದ ಉದ್ದ ನಿಮ್ಮ ಮೈಕಟ್ಟಿಗೆ ಸರಿಹೊಂದಿದ ಮೇಲೆ ಸೈಟಿಗೆ ಹಣ ಹಾಕಿ. ಈ ವಿಭಾಗದಲ್ಲಿ ನಮ್ಮವರು ಬಹಳ ಗಟ್ಟಿಗರು. 2023ರಲ್ಲಿ ಬರ್ಲಿನ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅದಿತಿ ಸ್ವಾಮಿ ಮತ್ತು ಓಜಸ್ ದೇವತಳೆ ವೈಯಕ್ತಿಕ ಚಿನ್ನ ಗೆದ್ದರು, ಅದೇ ವರ್ಷದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕಾಂಪೌಂಡ್‌ನ ಐದೂ ಚಿನ್ನ ಭಾರತಕ್ಕೆ ಬಂದವು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕಾಂಪೌಂಡ್ ಮಿಶ್ರ ತಂಡ ವಿಭಾಗ ಮೊದಲ ಬಾರಿಗೆ ಸೇರುತ್ತಿದೆ. ಆ ಐದು ಪಿನ್ನಿನ ಸೈಟಿನಲ್ಲಿ ನಾಲ್ಕನ್ನು ಬಿಚ್ಚಿಟ್ಟು, ಉಳಿದ ಒಂದನ್ನು ಸದ್ಯಕ್ಕೆ 18 ಮೀಟರಿಗೆ ಹೊಂದಿಸಿ ಅಭ್ಯಾಸ ಶುರುಮಾಡಿ.