ಓದುಗರ ಪ್ರಶ್ನೆ: ಏಳು ರನ್ ಮುನ್ನಡೆಯೂ ಸಾಲದೇ?

ಪ್ರಶ್ನೆ: ಸರಸ್ವತಿಪುರಂನ ನಮ್ಮ ಕೊಠಡಿಯಲ್ಲಿ ನಾಲ್ವರು ಗೆಳೆಯರು ಸೇರಿ ಅಮೆರಿಕದ ಬೇಸ್‌ಬಾಲ್ ನೋಡುತ್ತೇವೆ. ಒಬ್ಬ ಹಳೆಯ ಡೈರಿಯಲ್ಲಿ ಸ್ಕೋರು ಬರೆಯುತ್ತಾನೆ. ಮೊನ್ನೆ ನಮ್ಮ ಮೆಚ್ಚಿನ ತಂಡ ಏಳು ರನ್ ಮುಂದಿದ್ದಾಗ ಮಲಗಿದೆವು. ಬೆಳಿಗ್ಗೆ ನೋಡಿದರೆ ಸೋತಿತ್ತು. ಇದು ಹೇಗೆ ಸಾಧ್ಯ?
– ಓದುಗ, ಮೈಸೂರು

ಉತ್ತರ: ಮಲಗಿದ್ದೇ ತಪ್ಪು! ಬೇಸಿಗೆಯಲ್ಲಿ ಚಿಕಾಗೊದ ಮಧ್ಯಾಹ್ನ 1.20ರ ಪಂದ್ಯ ನಮಗೆ ರಾತ್ರಿ 11.50ಕ್ಕೆ ಶುರುವಾಗುವುದರಿಂದ ನಿಮ್ಮ ನಿದ್ದೆಯನ್ನು ದೂರುವಂತೆಯೂ ಇಲ್ಲ. ನಮ್ಮ ಏಕದಿನ ಕ್ರಿಕೆಟ್‌ನಲ್ಲಿ ಚೆಂಡುಗಳಿಗೆ ಮಿತಿಯಿದೆ. ಬೇಸ್‌ಬಾಲ್‌ನಲ್ಲಿ ಮೂರನೆಯ ಔಟ್ ಬೀಳುವವರೆಗೆ ಇನಿಂಗ್ಸ್ ಮುಗಿಯದಾದ್ದರಿಂದ, ಎರಡು ಔಟ್ ಆದ ಮೇಲೂ ಎದುರಾಳಿಗಳು ಹತ್ತು ರನ್ ಗಳಿಸಬಹುದು.

1979ರ ಮೇ 17ರ ಮಧ್ಯಾಹ್ನ ಚಿಕಾಗೊದ ರಿಗ್ಲಿ ಫೀಲ್ಡ್‌ನಲ್ಲಿ ಗಾಳಿ ಹೊರಮುಖವಾಗಿ ಬೀಸುತ್ತಿತ್ತು. ಒಂಬತ್ತು ಇನಿಂಗ್ಸ್‌ಗಳ ಆಟದ ಐದನೆಯ ಇನಿಂಗ್ಸ್‌ನಲ್ಲಿ 21–9ರಿಂದ ಮುಂದಿದ್ದ ಫಿಲಡೆಲ್ಫಿಯಾವನ್ನು ಚಿಕಾಗೊದ ಕಬ್ಸ್ ತಂಡ ಎಂಟನೆಯದರಲ್ಲಿ 22–22ಕ್ಕೆ ಹಿಡಿದು ನಿಲ್ಲಿಸಿತು. ಹೆಚ್ಚುವರಿಯಾಗಿ ಆಡಿದ ಹತ್ತನೆಯದರಲ್ಲಿ ಮೈಕ್ ಶ್ಮಿಟ್ ಹೊಡೆದ ಹೋಮ್ ರನ್‌ನಿಂದ (ನಮ್ಮ ಸಿಕ್ಸರ್‌ನಂತೆ ಚೆಂಡನ್ನು ಬೇಲಿಯಾಚೆ ಕಳಿಸುವ ಹೊಡೆತ) ಫಿಲಡೆಲ್ಫಿಯಾ 23–22ರಿಂದ ಗೆದ್ದಿತು. ಆ ದಿನ ಒಟ್ಟು 11 ಹೋಮ್ ರನ್‌ಗಳು ಬಂದವು.

2010ರ ರಣಜಿ ಫೈನಲ್‌ನಲ್ಲಿ ನಮ್ಮ ಮಾನಸಗಂಗೋತ್ರಿಯಲ್ಲೇ ಕರ್ನಾಟಕ ಮುಂಬೈಗೆ 6 ರನ್‌ಗಳಿಂದ ಸೋತದ್ದನ್ನು ಕಂಡ ಮೈಸೂರಿನವರಿಗೆ ಆ ಸಂಕಟ ಹೊಸದಲ್ಲ. ಮುಂದಿನ ಸಲ ಫ್ಲಾಸ್ಕಿನಲ್ಲಿ ಕಾಫಿ ತುಂಬಿಟ್ಟುಕೊಂಡು ಕೊನೆಯ ಔಟ್‌ವರೆಗೂ ಕುಳಿತಿರಿ. ಡೈರಿಯಲ್ಲಿ ಒಂದೆರಡು ಪುಟ ಹೆಚ್ಚಿಗೆ ಬಿಟ್ಟಿರಲಿ.