ಅಪ್ಪನಿಗೆ ಔಷಧಿ ಹನಿಸುವ ಪಂಪಿನ ಚೀಟಿಯಲ್ಲಿದ್ದ ಬಿಪಿ ಔಷಧಿ ಯಾವುದು?

ಹೆಚ್ಚಾಗಿ ಅದು ಡೋಬುಟಮೈನ್. ಚೀಟಿಯಲ್ಲಿ 'ಡೋ' ಅಂತ ಶುರು, 'ಮೈನ್' ಅಂತ ಕೊನೆ, ಮಧ್ಯದ ಅಕ್ಷರ ಅಳಿಸಿತ್ತು, ಅಪ್ಪನ ಹೃದಯ ಸರಿಯಾಗಿ ಪಂಪ್ ಮಾಡದೆ ಬಿಪಿ ಇಳಿದಿದೆ ಎಂದಿದ್ದೀರಲ್ಲ, ಅದಕ್ಕೇ ಹೇಳಿದೆ. ಡೋಪಮೈನ್ ಕೂಡ ಇರಬಹುದು. ಎರಡೂ ಹೃದಯವನ್ನು ಚುರುಕು ಮಾಡುತ್ತವೆ, ಹೆಸರೂ ಅಣ್ಣತಮ್ಮಂದಿರ ಥರ, ಆದರೆ ಔಷಧಿ ಬೇರೆ ಬೇರೆ. ಮೊದಲು ನರ್ಸ್ ಹತ್ತಿರ ಚಾರ್ಟ್ ನೋಡಿ ಪೂರ್ತಿ ಹೆಸರು ಬರೆಸಿಕೊಳ್ಳಿ. ಆಮೇಲೆ ಡೋಸ್ ನಿನ್ನೆಗಿಂತ ಕಮ್ಮಿಯಾಗಿದೆಯಾ ಕೇಳಿ, ಹೆಸರಿಗಿಂತ ಅದೇ ಮುಖ್ಯ. ಡೋಬುಟಮೈನ್ ರಕ್ತದಲ್ಲಿ ಸುಮಾರು 2 ನಿಮಿಷಕ್ಕೇ ಅರ್ಧ ಖಾಲಿಯಾಗುತ್ತದೆ, ಹಾಗಾಗಿ ಪಂಪ್ ನಿಲ್ಲಬಾರದು. ಅದು ಬೀಪ್ ಅಂದರೆ ಸುಮ್ನೆ ನೀವೇ ಬಟನ್ ಒತ್ತಬೇಡಿ, ನರ್ಸನ್ನು ಕರೆಯಿರಿ. ಸೂಜಿ ಚುಚ್ಚಿದ ಜಾಗ ಊದಿದರೆ, ಎದೆ ಜಾಸ್ತಿ ಡವಡವ ಅಂದರೆ ಆಗಲೂ ಅಷ್ಟೇ.