ಪ್ರತಿಕ್ರಿಯೆ: ಕಾಲೇಜಿಗೆ ಒಬ್ಬರೇ ಲೈಬ್ರೇರಿಯನ್, ಕೇಳಲು ಯಾರೂ ಇಲ್ಲ

ಕಾಲೇಜಿಗೆ ಹೊಸ ಲೈಬ್ರೇರಿಯನ್ ಆಗಿ ಬಂದಿದ್ದೇನೆ, ಪುಸ್ತಕದ ಲೆಕ್ಕ ಕೂಡುತ್ತಿಲ್ಲ, ಕೇಳಲು ಯಾರೂ ಇಲ್ಲ ಅಂತ ಬರೆದಿದ್ದೀರಿ. ನಿಮಗೆ ಕೆಲಸ ಬರುವುದಿಲ್ಲ ಅಂತಲ್ಲ, ಹಿಂದಿನವರಿಂದ ಚಾರ್ಜ್ (ಕೆಲಸದ ಹಸ್ತಾಂತರ) ಸರಿಯಾಗಿ ಸಿಕ್ಕಿಲ್ಲ, ಅದೇ ಕಾರಣ ಇರಬೇಕು. ಹಿಂದಿನವರು ನಿವೃತ್ತರಾಗಿ ಎಷ್ಟೋ ತಿಂಗಳ ಮೇಲೆ ನೀವು ಬಂದಿದ್ದೀರಿ, ಅಕ್ಸೆಷನ್ ರಿಜಿಸ್ಟರಿಗೂ (ಲೈಬ್ರರಿಗೆ ಬಂದ ಪುಸ್ತಕಗಳನ್ನು ನಂಬರ್ ಹಾಕಿ ಬರೆಯುವ ದಾಖಲೆ) ಲೈಬ್ರರಿ ಸಾಫ್ಟ್‌ವೇರ್ ಕೊಹಾದಲ್ಲಿರುವ ಲೆಕ್ಕಕ್ಕೂ ತಾಳೆ ಆಗುತ್ತಿಲ್ಲ, ಕೇಳೋಣ ಅಂದರೆ ಕಾಲೇಜಿನಲ್ಲಿ ಈ ಕೆಲಸ ಗೊತ್ತಿರುವವರು ನೀವೊಬ್ಬರೇ.

ಮೊದಲು ಪ್ರಿನ್ಸಿಪಾಲರಿಗೆ ಪತ್ರ ಬರೆದು ಸ್ಟಾಕ್ ವೆರಿಫಿಕೇಷನ್‌ಗೆ (ಪುಸ್ತಕಗಳನ್ನು ಎಣಿಸಿ ದಾಖಲೆಗೆ ತಾಳೆ ನೋಡುವುದು) ಕಮಿಟಿ ಕೇಳಿ. ಬಾಯಿಮಾತು ಬೇಡ, ಪತ್ರ ತಲುಪಿದ್ದಕ್ಕೆ ಆಫೀಸಿನ ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಅಲ್ಲಿಯವರೆಗೆ ಪುಸ್ತಕ ಪೂರ್ತಿ ಇದೆ ಅಂತ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ನಾನು ಸುಮ್ನೆ ಹಾಕಿ ಎರಡು ವರ್ಷ ಒದ್ದಾಡಿದೆ.

ಆಮೇಲೆ ಹತ್ತಿರದ ಬೇರೆ ಕಾಲೇಜಿನಲ್ಲಿ ಹತ್ತು ವರ್ಷ ಸರ್ವೀಸ್ ಆದ ಒಬ್ಬರನ್ನು ಹುಡುಕಿ. ಫೋನಿನಲ್ಲಿ "ಗೈಡ್ ಮಾಡಿ ಸರ್" ಅಂದರೆ ಏನೂ ಆಗುವುದಿಲ್ಲ. ಒಂದು ಶನಿವಾರ ಮೂರೇ ಪ್ರಶ್ನೆ ಬರೆದುಕೊಂಡು ಹೋಗಿ, ಅವರು ರಿಜಿಸ್ಟರ್, ನ್ಯಾಕ್ (ಕಾಲೇಜುಗಳಿಗೆ ಗ್ರೇಡ್ ಕೊಡುವ ಸಂಸ್ಥೆ) ಫೈಲ್, ಕಾಲೇಜುಗಳಿಗೆ ಇ-ಪುಸ್ತಕ, ಇ-ಜರ್ನಲ್ ಒದಗಿಸುವ ಇನ್‌ಫ್ಲಿಬ್‌ನೆಟ್‌ನ ಎನ್-ಲಿಸ್ಟ್ ಬಳಕೆಯ ಲೆಕ್ಕ ಹೇಗೆ ಇಟ್ಟಿದ್ದಾರೆ ಅಂತ ಕಣ್ಣಾರೆ ನೋಡಿ. ಬೇರೆ ಕಾಲೇಜಿನವರೇ ಯಾಕೆ ಅಂದರೆ, ನಮ್ಮ ಮೇಲೆ ರಿಪೋರ್ಟ್ ಬರೆಯುವವರ ಹತ್ತಿರ "ಇದು ನನಗೆ ಗೊತ್ತಿಲ್ಲ" ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ, ಅಲ್ವಾ?

ಜೊತೆಗೆ ನಿಮ್ಮ ಎಂಲಿಬ್ (ಲೈಬ್ರರಿ ವಿಜ್ಞಾನದ ಸ್ನಾತಕೋತ್ತರ ಪದವಿ) ಬ್ಯಾಚಿನ ನಾಲ್ಕೈದು ಜನರ ವಾಟ್ಸಾಪ್ ಗುಂಪು ಮಾಡಿ. ಜಾಸ್ತಿ ಜನ ಬೇಡ, ಗುಡ್ ಮಾರ್ನಿಂಗ್ ಫೋಟೋ ಮೊದಲೇ ಬೇಡ. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಕಾಲ್, ಒಬ್ಬೊಬ್ಬರು ಒಂದೊಂದು ಸಿಕ್ಕು ತನ್ನಿ. ಕೊಹಾ ತೊಂದರೆ ಆದರೆ ಎರರ್‌ನ ಸ್ಕ್ರೀನ್‌ಶಾಟ್, ವರ್ಷನ್ ನಂಬರ್ ಎರಡೂ ಹಾಕಿ, ಇಲ್ಲದಿದ್ದರೆ ಯಾರಿಗೂ ಹೇಳಲು ಆಗುವುದಿಲ್ಲ.

ನಿಮ್ಮದು ಸರ್ಕಾರಿ ಕಾಲೇಜೋ ಖಾಸಗಿಯೋ ಬರೆದಿಲ್ಲ. ಖಾಸಗಿ ಆದರೆ ಕಮಿಟಿ ಹಾಕುವುದು ಆಡಳಿತ ಮಂಡಳಿಯ ಕೈಲಿರಬಹುದು, ಪತ್ರದ ಒಂದು ಪ್ರತಿ ಅವರಿಗೂ ಕೊಡಿ.